ಮಣ್ಣಗುಡ್ಡದಲ್ಲಿ ಜೂಲಿಗೊಂದು ಮನೆ

ಈ ಮನೆಯಲ್ಲಿ ಇತ್ತೀಚೆಗಷ್ಟೇ ಒಂದು ನಾಯಿ ನರಳಿ ಸತ್ತಿದೆ ಎಂದು ಮಿಸ್ ವಿಲ್ಕಿನ್‌ಗೆ ಖಾತ್ರಿಯಾಯಿತು. ಬಚ್ಚಲಿನ ಹಿಂದಿನ ಇಳಿಮಾಡಿನೊಳಗೆ ಬಗ್ಗಿ ನೋಡಿದವರು ಮೂಗಿಗೆ ಕರವಸ್ತ್ರ ಹಿಡಿದು ಹಿಂದೆ ಸರಿದರು.

ಹೇಸಿಗೆ ಹುಟ್ಟಿಸುವ ಜಾಗವೇ ಅದು. ಬಚ್ಚಲ ನೀರು ಒಸರಿ ನೆಲ ಪಸೆಗಟ್ಟಿತ್ತು. ಮೂಲೆಯಲ್ಲಿ ಹರಕು ಚಾಪೆ, ಅದರ ಮೇಲೊಂದು ಹಳೆ ಬಟ್ಟೆಯ ತುಂಡು. ನಜ್ಜುಗುಜ್ಜಾದ ಅಲ್ಯೂಮಿನಿಯಂ ತಟ್ಟೆ, ನೀರಿಗೊಂದು ಸೊಟ್ಟ ಬಟ್ಟಲು. ತಟ್ಟೆಯ ಸುತ್ತ ಅನ್ನದ ಅಗುಳು ಸಿಡಿದು ಒಣಗಿ ಇರುವೆ ಮುತ್ತಿತ್ತು. ಹತ್ತಿರ ಹೋಗಲೂ ಮನಸ್ಸಿಲ್ಲದೆ ದೂರದಿಂದಲೇ ಊಟ ಎಸೆದಿದ್ದಾರೆ. ಪಾಪ, ಕಚ್ಚುವ ನಾಯಿಯೇ ಇದ್ದಿರಬೇಕು.

ಬ್ರಿಟಿಷರೆಲ್ಲ ಗಂಟುಮೂಟೆ ಕಟ್ಟಿ ಹೋಗಿ ಹತ್ತು ವರ್ಷವಾದ ಮೇಲೆ ಮಿಸ್ ವಿಲ್ಕಿನ್ ಇಂಗ್ಲೆಂಡಿನಿಂದ ಮಂಗಳೂರಿಗೆ ಬಂದಿದ್ದರು, ಅದೂ ಬೀದಿನಾಯಿಗಳಿಗಾಗಿ. ಊರು ಬಿದ್ದು ಬಿದ್ದು ನಕ್ಕಿತು. ಅವರು ಕ್ಯಾರೇ ಅನ್ನದೆ ಮೀನಿನ ದೋಣಿ ನಿಲ್ಲುವ ದಕ್ಕೆ, ಬೋಳಾರದ ಹೊಳೆಬದಿ ಎಲ್ಲ ಸುತ್ತಿ, ಕಾಲು ಮುರಿದದ್ದನ್ನೂ ಕಜ್ಜಿ ಹಿಡಿದದ್ದನ್ನೂ ಎತ್ತಿ ತಂದು ಗುಣಪಡಿಸಿ ಒಳ್ಳೆಯ ಮನೆಗಳಿಗೆ ಒಪ್ಪಿಸುತ್ತಿದ್ದರು. ಭಾನುವಾರಗಳಲ್ಲಿ ಹಂಚಿನ ಕಾರ್ಖಾನೆಯ ಗುಮಾಸ್ತ ಜಾರ್ಜ್ ಅವರ ಜೊತೆ ಬಿಟ್ಟಿ ದುಡಿಯುತ್ತಿದ್ದ. ನಾಯಿಯ ಹಗ್ಗ ಹಿಡಿಯುವುದೂ ಅವನೇ, ಅವರ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುವುದೂ ಅವನೇ. ಮಿಸ್ ವಿಲ್ಕಿನ್‌ರದ್ದು ಒಂದೇ ಹಟ: ಹಿತ್ತಿಲು ನೋಡದೆ ನಾಯಿ ಕೊಡುವುದಿಲ್ಲ. ಜಗಲಿ ಎಲ್ಲರದ್ದೂ ಚಂದವೇ ಇರುತ್ತದೆ.

ಈಗ ಉಳಿದದ್ದು ಜೂಲಿ ಒಂದೇ. ಹೆಣ್ಣು ನಾಯಿ, ಸಾಲದ್ದಕ್ಕೆ ಕುಂಟಿ. ಯಾರಿಗೂ ಬೇಡ. ಮಿಸ್ ವಿಲ್ಕಿನ್ ಊರಿಗೆ ಮರಳುವ ಹಡಗು ಮುಂದಿನ ವಾರ. ಅಷ್ಟರೊಳಗೆ ಮನೆ ಸಿಗದಿದ್ದರೆ ಅದು ನಾಯಿ ಹಿಡಿಯುವವರ ಗಾಡಿಯ ಪಾಲು, ಮತ್ತು ಆ ಗಾಡಿ ಏರಿದ ನಾಯಿ ತಿರುಗಿ ಬಂದದ್ದಿಲ್ಲ. ಹಾಗಾಗಿ ಮಣ್ಣಗುಡ್ಡದ ವಿಷ್ಣುಮೂರ್ತಿ ಭಟ್ಟರು ತಾವಾಗಿಯೇ ಕೇಳಿಕೊಂಡು ಬಂದಾಗ ಅವರಿಗೆ ಹೋದ ಜೀವ ಬಂದಂತಾಗಿತ್ತು. ಅರ್ಚಕರ ಮನೆತನ, ಶಾಲೆಯಲ್ಲಿ ಮೇಷ್ಟರ ಕೆಲಸ, ಮೃದು ಮಾತು. ಜಗಲಿಯ ಕಾಲುದೀಪ ಕಳವಾದ ಮೇಲೆ ಕಾವಲಿಗೊಂದು ನಾಯಿ ಬೇಕಾಗಿತ್ತು.

"ಹೆಣ್ಣಾದ್ರೂ ಅಡ್ಡಿಯಿಲ್ಲ. ನಮ್ಮಲ್ಲಿ ಎಂತದ್ದೂ ಕಮ್ಮಿ ಮಾಡುವುದಿಲ್ಲ" ಎಂದಿದ್ದರು.

ಇಂದು ಬಂದವರಿಗೆ ಕಾಫಿ ತಂದದ್ದೂ ಭಟ್ಟರೇ, ಕ್ರಿಸ್ತಾನರಿಗೆಂದು ಬೇರೆ ಇಟ್ಟಿದ್ದ ಗಾಜಿನ ಲೋಟಗಳಲ್ಲಿ. ತಾನೇ ಮಾಡಿದ್ದು, ರುಚಿ ಅಷ್ಟಕ್ಕಷ್ಟೇ ಎಂದು ಸಂಕೋಚಪಟ್ಟರು. ಹೆಂಡತಿ ಸತ್ಯಭಾಮಾ ಹಿತ್ತಿಲ ಪೇರಳೆ ಮರದ ಬುಡದಲ್ಲಿ ನಿಂತವರು ಅಲ್ಲಿಂದ ಅಲುಗಲಿಲ್ಲ. ಗಂಡ ಲೋಟ ಹೊರುವಾಗ ಹೆಂಡತಿ ಮರದ ನೆರಳಲ್ಲಿ. ಜಂಬದ ಹೆಂಗಸು ಎಂದು ಮಿಸ್ ವಿಲ್ಕಿನ್ ತೀರ್ಮಾನಿಸಿಬಿಟ್ಟರು. ನಾಯಿಯ ಊಟ, ನಿದ್ದೆ, ಔಷಧಿಯ ಬಗ್ಗೆ ನೂರೆಂಟು ಪ್ರಶ್ನೆ ಕೇಳಿದ ಆ ಮಹಾತಾಯಿಗೆ ಮನೆಯೊಡತಿಯನ್ನು ಮಾತಾಡಿಸಬೇಕೆಂದು ಹೊಳೆಯಲೇ ಇಲ್ಲ.

ಅವರ ಮುಖ ಈಗ ಕೆಂಪೇರಿತ್ತು. ಇಂಥ ಕೊಚ್ಚೆಯಲ್ಲಿ ಒಂದು ಜೀವವನ್ನು ಮಲಗಿಸಲು ಮನಸ್ಸು ಹೇಗೆ ಬರುತ್ತದೆಂದು ಕೇಳು, ಜೂಲಿಯನ್ನು ಗಾಡಿಗೆ ಕೊಟ್ಟರೂ ಇಲ್ಲಿಗೆ ಕೊಡಲಾರೆ ಎಂದು ಹೇಳು ಎಂದರು.

ಜಾರ್ಜ್ ಇಳಿಮಾಡನ್ನು ನೋಡಿದ. ಆಮೇಲೆ ಪೇರಳೆ ಮರದ ಕಡೆ ನೋಡಿದ. ಅಷ್ಟೂ ಮಾತಿನಲ್ಲಿ ಅವನ ಬಾಯಿಂದ ಹೊರಟದ್ದು ಇಷ್ಟೇ.

"ನಾಯಿ ಇಲ್ಲಿ ಮಲಗುವುದಾ ಅಂತ ಕೇಳ್ತಾರೆ."

ಭಟ್ಟರಿಗೇ ಅಸಹ್ಯವಾಯಿತು. "ಇಲ್ಲಿಯಾ? ಛೆ. ನಾಯಿಯನ್ನು ಯಾರಾದ್ರೂ ಇಂಥ ಕಡೆ ಮಲಗಿಸ್ತಾರಾ ಮಾರಾಯ್ರೆ? ಮೂಕಪ್ರಾಣಿ ಅಲ್ವಾ ಅದು?"

ಅವರು ಇಬ್ಬರನ್ನೂ ಹಿತ್ತಿಲ ಇನ್ನೊಂದು ಬದಿಗೆ ಕರೆದೊಯ್ದರು. ಅಲ್ಲಿ ಜೂಲಿಗೆಂದೇ ಕಟ್ಟಿಸಿದ ಹೊಸ ಗೂಡು. ಸಿಮೆಂಟಿನ ನೆಲ, ಸುಣ್ಣ ಬಳಿದ ಗೋಡೆ, ಮೇಲೆ ಹೊಸ ಹಂಚು. ಮಳೆನೀರು ಒಳಗೆ ಬಾರದಂತೆ ಬಾಗಿಲಿಗೆ ಸಣ್ಣ ಕಟ್ಟೆ. ಗೋಣಿಯ ಮೇಲೆ ಹೊಸ ಚಾಪೆ, ಹಾಲಿಗೆ ಪಿಂಗಾಣಿ ಬಟ್ಟಲು. ಮಿಸ್ ವಿಲ್ಕಿನ್ ನೆಲವನ್ನು ಮುಟ್ಟಿ ನೋಡಿದರು, ಒಣಗಿತ್ತು. ಅವರ ಕಣ್ಣು ತುಂಬಿತು. ತಪ್ಪು ತಿಳಿದದ್ದಕ್ಕೆ ಕ್ಷಮೆ ಕೇಳಿ, ಜಾರ್ಜ್ ಹಿಡಿದಿದ್ದ ಜೂಲಿಯ ಹಗ್ಗವನ್ನು ಭಟ್ಟರ ಕೈಗಿತ್ತರು.

ಜೂಲಿ ಮಾತ್ರ ಗೂಡು ಬಿಟ್ಟು, ಹಗ್ಗ ಜಗ್ಗಿಕೊಂಡು ಕುಂಟುತ್ತ ಪೇರಳೆ ಮರದತ್ತ ಹೊರಟಿತು. ಸತ್ಯಭಾಮಾ ಬಗ್ಗಿ ಕೈ ಚಾಚಿದರು. ಆ ಮುಖದಲ್ಲಿ ಒಮ್ಮೆಗೇ ನಗು ಕಾಣಿಸಿತು.

"ಇವತ್ತು ಮುಟ್ಟಬೇಡ" ಎಂದರು ಭಟ್ಟರು, ಮೃದುವಾಗಿಯೇ.

ಸತ್ಯಭಾಮಾ ಕೈ ಹಿಂದೆ ತೆಗೆದುಕೊಂಡರು. ನಾಯಿಯೆಂದರೆ ಮಡಿವಂತರಿಗೆ ಹೇಸಿಗೆ ಇರಬಹುದು, ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ ಎಂದುಕೊಂಡರು ಮಿಸ್ ವಿಲ್ಕಿನ್. ಹೊರಡುವ ಮುಂಚೆ, ಹಾಗಾದರೆ ಆ ಇಳಿಮಾಡಿನಲ್ಲಿ ಸಾಕಿದ್ದು ಯಾವ ಪ್ರಾಣಿಯನ್ನು ಎಂದು ಕೇಳಲು ಹೇಳಿದರು. ಜಾರ್ಜ್ ಆ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಲೇ ಇಲ್ಲ. ಹೊತ್ತಾಯಿತು, ಹೋಗುವ ಎಂದಷ್ಟೇ ಹೇಳಿ ಹಿತ್ತಿಲ ಗೇಟಿನ ಕಡೆ ನಡೆದ.

ಗೇಟು ಹಾಕುವಾಗ ಮಿಸ್ ವಿಲ್ಕಿನ್ ಕೊನೆಯ ಬಾರಿ ತಿರುಗಿ ನೋಡಿದರು. ಭಟ್ಟರು ಅಡುಗೆಮನೆಯಿಂದ ಬಂದು, ಹೆಸರು ಹಿಡಿದು ಕರೆದು, ನೆಲಕ್ಕೆ ಬಗ್ಗಿ ಹಾಲನ್ನವನ್ನು ಜೂಲಿಯ ಮೂತಿಯ ಬಳಿಯೇ ಇಟ್ಟರು. ಒಳಗೆ ಹೋಗಿ ಕೈತೊಳೆದು ಇನ್ನೊಂದು ಪಾತ್ರೆ ಹಿಡಿದು ಬಂದವರು ಈಗ ಇಳಿಮಾಡಿನ ಕಡೆ ನಡೆದರು.

ಅಲ್ಲಿ ಸತ್ಯಭಾಮಾ ಹರಕು ಚಾಪೆ ಬಿಡಿಸಿ ಕುಳಿತು ಆ ತಟ್ಟೆಯನ್ನು ಮುಂದಕ್ಕೆ ಸರಿಸಿದರು, ಗಂಡ ಮೈಲಿಗೆ ತಾಗದಷ್ಟು ದೂರ ನಿಂತು ಮೇಲಿನಿಂದ ಅನ್ನ ಹಾಕಿದರು. ತಿಂಗಳ ಮೂರು ದಿನಗಳಲ್ಲಿ ಅವರಿಗದು ಎರಡನೆಯ ದಿನ.