ಎರಡು ಬೋರ್ಡಿನ ಊರು

ಸಾವಂತ್ರೆವ್ವ ಸೊಸೆಯಾಗಿ ಬಂದಾಗಿನಿಂದಲೂ ಆ ಊರಿಗಾಗಿ ಎರಡು ರಾಜ್ಯಗಳು ಜಗ್ಗಾಡುತ್ತಿದ್ದವು. ಊರ ಬಾಗಿಲಲ್ಲಿ ಅವರದೊಂದು ಬೋರ್ಡು, ಇವರದೊಂದು ಬೋರ್ಡು. ವರ್ಷವರ್ಷವೂ ಒಬ್ಬರದಕ್ಕೆ ಇನ್ನೊಬ್ಬರು ಡಾಂಬರು ಬಳಿಸುತ್ತಿದ್ದರು. ಹಳ್ಳಕ್ಕೊಂದು ಸೇತುವೆ ಕೇಳಿದರೆ ಮಾತ್ರ, "ಮೊದ್ಲ ಗಡಿ ತಕರಾರು ಮುಗೀಲಿ, ಯವ್ವಾ" ಎನ್ನುತ್ತಿದ್ದರು ಇಬ್ಬರೂ. ಕೇಳಿ ಕೇಳಿ ಅವಳಿಗೆ ಸಾಕಾಗಿಹೋಗಿತ್ತು.

ಹೋದ ವಾರ ಹಳ್ಳ ತುಂಬಿ, ಆಸ್ಪತ್ರೆಗೆ ದಾಟಲಾಗದೆ, ಹೆರಿಗೆ ನೋವಿನಲ್ಲಿದ್ದ ಅವಳ ಸೊಸೆ ದಂಡೆಯಲ್ಲೇ ತೀರಿಕೊಂಡಳು.

ಈ ಸಲ ಎರಡೂ ಸರಕಾರದ ಸಾಹೇಬರು ಡಾಂಬರಿನ ಡಬ್ಬಿ ಹೊರಿಸಿಕೊಂಡು ಬಂದಾಗ ಅವಳು ನಡುವೆ ನಿಂತಳು.

"ಊರು ಯಾರ್ದರಿ, ಸಾಹೇಬ್ರ?"

"ನಮ್ದು!" ಇಬ್ಬರೂ ಕೂಗಿದರು.

"ಸೊಸಿ ಸತ್ತದ್ದಕ್ಕ ಕೋರ್ಟಿಗೆ ಹೊಂಟೀನಿ. ಯಾರ ಮ್ಯಾಲ ಕೇಸ್ ಹಾಕ್ಲಿ?"

ಹೊತ್ತು ಮುಳುಗುವ ಮುಂಚೆ ಇಬ್ಬರೂ ತಮ್ಮ ತಮ್ಮ ಬೋರ್ಡು ಕಿತ್ತುಕೊಂಡು ಹೋದರು.