ಬಾಗಿಲಲ್ಲಿ ಶಾಲು

ಹುಡುಗಿಯರ ತೋಳಿಲ್ಲದ ಅಂಗಿಗಳು ಯುನೀಸಮ್ಮನ ನಿದ್ದೆಗೆಡಿಸಿದ್ದವು. "ಲೋಕದ ಗಾಳಿ ಚರ್ಚಿನೊಳಗೂ ಬಂತಲ್ಲ!" ಎಂದು ಹಲುಬಿ, ಹಾಗೆ ಬಂದವರಿಗೆ ಹೊದಿಸಲು ಶಾಲು ಹಿಡಿದು ಬಾಗಿಲಲ್ಲೇ ನಿಂತರು. ದೇವರ ಮನೆಗೆ ಅಗ್ಗದ್ದು ಯಾಕೆಂದು ಕಸೂತಿಯ ರೇಷ್ಮೆ ಶಾಲುಗಳನ್ನೇ ಆರಿಸಿದ್ದರು. ಆ ಭಾನುವಾರ ಮೂವರು ಹುಡುಗಿಯರು ಹೊದ್ದು ಕೂತರು. ಇಡೀ ಸಭೆಯ ಕಣ್ಣು ಅವರ ಮೇಲೆಯೇ.

ಮುಂದಿನ ಭಾನುವಾರ ತೋಳಿಲ್ಲದವರ ಸಾಲು ಗೇಟಿನವರೆಗೂ ಬೆಳೆದಿತ್ತು.

"ಆಂಟಿ, ನೀಲಿದು ಉಂಟಾ?"

"ನನಗೆ ಆ ಹೂವಿನದ್ದು ಕೊಡಿ ಆಂಟಿ, ಫೋಟೋದಲ್ಲಿ ಚಂದ ಕಾಣ್ತದೆ."

"ನಾಚಿಕೆ ಇಲ್ವಾ ನಿಮಗೆ?" ಎಂದು ಗದರುತ್ತಲೇ ಯುನೀಸಮ್ಮ ಒಬ್ಬೊಬ್ಬರಿಗೂ ಹೊದಿಸಿದರು. ಕೈಯಲ್ಲಿ ಒಂದೇ ಶಾಲು ಉಳಿದಾಗ ತಲೆಯೆತ್ತಿ ನೋಡಿದರೆ, ಸಾಲಿನ ಕೊನೆಗೆ ಅವರ ಎಂಬತ್ತರ ಅತ್ತೆ, ರವಿಕೆಯ ತೋಳೆರಡನ್ನೂ ಕತ್ತರಿಸಿಕೊಂಡು ನಿಂತಿದ್ದರು.