ಮುರಗೆಪ್ಪನ ಎರಡನೆಯ ಪ್ರವೇಶ

ವಿಜಯಪುರದ ವೈದ್ಯಕೀಯ ಕಾಲೇಜಿನ ಗಾಡಿ ಉಮದಿಯ ಓಣಿಯೊಳಗೆ ತಿರುಗಿದ್ದನ್ನು ಕಂಡೊಡನೆ ಸಂಗವ್ವ ಎದ್ದು ಬಂದು ತಲೆಬಾಗಿಲ ಹೊಸ್ತಿಲಿಗೆ ಅಡ್ಡವಾಗಿ ಕುಳಿತಳು. ತಮ್ಮ ಮುರಗೆಪ್ಪ ಆ ಕಾಲೇಜಿಗೆ ಹೋಗಕೂಡದು. ಹೋಗುವುದೇ ಆದರೆ ತನ್ನನ್ನು ದಾಟಿ ಹೋಗಲಿ ಎಂಬುದು ಅವಳ ಹಟ.

ಕಾಲೇಜಿನವರು ತಾವಾಗಿಯೇ ಗಾಡಿ ಕಳಿಸಿದ್ದರು. ಇಂತಹ ಮರ್ಯಾದೆ ಹರೆಯದ ವಿದ್ಯಾರ್ಥಿಗಳಿಗೆ ಸಂದದ್ದನ್ನು ಊರು ಕಂಡಿರಲಿಲ್ಲ. ನೆರೆಯವರೆಲ್ಲ ಅಂಗಳದಲ್ಲಿ ನೆರೆದಿದ್ದರು.

ಮುರಗೆಪ್ಪ ಪಡಸಾಲೆಯಲ್ಲಿ ಸಿದ್ಧನಾಗಿಯೇ ಇದ್ದ. ಸ್ನಾನವಾಗಿತ್ತು. ಹೊಸ ಧೋತರ, ಬಿಳಿಯ ಅಂಗಿ, ತಲೆಗೆ ರುಮಾಲು, ಹಣೆಯ ಮೇಲೆ ದಟ್ಟವಾದ ವಿಭೂತಿ. ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಿಚಿ ಕುಳಿತಿದ್ದ. ಎಡದ ಅಂಗೈಯಲ್ಲಿ ಇಷ್ಟಲಿಂಗ, ಕಣ್ಣು ಮುಚ್ಚಿದ್ದವು. ಅಕ್ಕನಿಗೆ ಅವನು ಜನ್ಮದಲ್ಲಿ ಎದುರಾಡಿದವನಲ್ಲ. ಈಗಲೂ ಆಡಲಿಲ್ಲ.

ಆ ಕಾಲೇಜಿನೊಡನೆ ಅವನ ಸಂಬಂಧ ಹಳೆಯದು. ಹರೆಯದಲ್ಲಿ ಅವನಿಗೆ ಅಲ್ಲಿ ಪ್ರವೇಶ ದೊರೆತಾಗ, ಜತ್ತ ತಾಲೂಕಿನ ಈ ಮೂಲೆಯಿಂದ ಒಬ್ಬ ಡಾಕ್ಟರು ಹುಟ್ಟಿದನೆಂದು ಜನ ಪೇಢೆ ತಿಂದಿದ್ದರು. ಮೊದಲ ವರ್ಷದ ಚಳಿಗಾಲದ ಒಂದು ಬೆಳಗ್ಗೆ, ಚಾಕು ಹಿಡಿದ ಕೈ ನಡುಗಿ, ತರಗತಿಯಿಂದ ಹೊರಬಿದ್ದವನು ನೇರವಾಗಿ ಊರ ಬಸ್ಸು ಹತ್ತಿದ. ಮುಂದಿನ ಬಾಳೆಲ್ಲ ಕಾಳುಕಡಿಯ ವ್ಯಾಪಾರದಲ್ಲಿ ಸವೆಯಿತು. ಊರು ಅವನನ್ನು ‘ಅರ್ಧ ಡಾಕ್ಟರ’ ಎಂದು ಕರೆಯಿತು; ಅವನು ಓಗೊಟ್ಟ.

ಬ್ರಹ್ಮಚರ್ಯದಿಂದ ಸಂನ್ಯಾಸದವರೆಗೆ ಪ್ರಾಚೀನರು ಇಟ್ಟ ಕ್ರಮವನ್ನು ತಿರುವಿ, ಗುರುಕುಲವನ್ನು ಕೊನೆಗಿರಿಸಿಕೊಂಡವರು ವಿರಳ. ಮುರಗೆಪ್ಪ ಅಂಥವನು. ಕಳೆದ ಶ್ರಾವಣದಲ್ಲಿ ತಾನೇ ವಿಜಯಪುರಕ್ಕೆ ಹೋಗಿ ಪ್ರಾಧ್ಯಾಪಕರನ್ನು ಕಂಡಿದ್ದ. ಅರವತ್ತು ಮುಟ್ಟುತ್ತಿದೆ, ನನ್ನನ್ನು ತಿರುಗಿ ಸೇರಿಸಿಕೊಳ್ಳುವಿರಾ ಎಂದು ಕೇಳಿದ್ದ. ವಯಸ್ಸು ಅಡ್ಡಿಯಲ್ಲವೆಂದು ಉತ್ತರ ಬಂದಿತ್ತು. ಅಂದು ಮನೆಗೆ ಬಂದು ಹೆಂಡತಿ ಶಿವಲಿಂಗವ್ವನ ಮುಂದೆ ಹುಡುಗನಂತೆ ನಕ್ಕಿದ್ದ. ಅಕ್ಕನಿಗೆ ತಿಳಿಸುವ ಧೈರ್ಯ ಮಾತ್ರ ಅವನಿಗೆ ಕೊನೆಗೂ ಬರಲಿಲ್ಲ. ಈ ಬೆಳಗ್ಗೆ ಬಾಲಗಾಂವದಿಂದ ಧಾವಿಸಿ ಬಂದ ಮೇಲೆಯೇ ಸಂಗವ್ವನಿಗೆ ಸಂಗತಿ ಗೊತ್ತಾದದ್ದು.

ಮುರಗೆಪ್ಪನ ಮಗ ಕಲ್ಮೇಶ ಸೋದರತ್ತೆಯ ಕಾಲು ಹಿಡಿದು ಬೇಡಿಕೊಂಡ. ಸಂಜೆಯೊಳಗೆ ಮುಟ್ಟದಿದ್ದರೆ ಕಾಲೇಜಿನವರು ಸೇರಿಸಿಕೊಳ್ಳುವುದಿಲ್ಲ. ಅಪ್ಪ ಬಯಸಿದ್ದು ಇದೊಂದನ್ನೇ ಎಂದ. ಅವಳು ಕದಲಲಿಲ್ಲ.

“ನಮ್ಮ ಮನಿತನದಾಗ ಯಾವ ಗಂಡಸೂ ನಮ್ಮ ಹೊಲ ಬಿಟ್ಟು ಹ್ವಾದಾಂವಲ್ಲ. ಇಂವಾ ನಮ್ಮಪ್ಪನ ಮಗ್ಗಲಾಗ ಕುಂದ್ರಬೇಕಾದಾಂವ. ಮೀಸಿ ಮೂಡದ ಹುಡುಗೂರ ನಡುವ ಇವಂದೇನ ಕೆಲಸ?”

ಮುರಗೆಪ್ಪನ ಬಾಲ್ಯದ ಗೆಳೆಯ ವಿಠೋಬ ಕಂಬಕ್ಕೆ ಒರಗಿ ನಿಂತಿದ್ದ. ಜೀವನವಿಡೀ ಅವನನ್ನು ಹಾಸ್ಯ ಮಾಡಿದವನು ಇಂದೂ ಬಿಡಲಿಲ್ಲ.

“ಹ್ವಾದ ಸಲ ಓಡಿ ಬಂದ. ಈ ಸಲ ಓಡಿ ಬರಂಗಿಲ್ಲ ಬಿಡ ಅಕ್ಕಾ.”

ಯಾರೂ ನಗಲಿಲ್ಲ. ವಿಠೋಬನೂ ನಗಲಿಲ್ಲ.

ಹುಡುಗರು ಇವನನ್ನು ಕಂಡು ನಗುತ್ತಾರೆ, ಮನೆತನದ ಮಾನ ಹೋಗುತ್ತದೆ ಎಂದು ಸಂಗವ್ವ ಮತ್ತೆ ಆರಂಭಿಸಿದಳು. ಅಷ್ಟು ಹೊತ್ತು ಗಂಡನ ಮಗ್ಗುಲಲ್ಲಿ ಕುಳಿತಿದ್ದ ಶಿವಲಿಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

“ನಗಂಗಿಲ್ರಿ ಅಕ್ಕಾರ. ಮೊದಲನೇ ದಿನ ಎಲ್ಲಾರೂ ಎದ್ದ ನಿಂತು ಇವರಿಗೆ ಕೈ ಮುಗಿತಾರಂತ. ಕಲಸೋ ಡಾಕ್ಟರೂ ಮುಗಿತಾರಂತ. ಅಲ್ಲಿಂದ ಓಡಿ ಬಂದ ನಾಚಿಕಿ ಇಷ್ಟ ವರ್ಷ ಎದ್ಯಾಗ ಇಟಗೊಂಡಿದ್ರು. ಇವತ್ತ ನೀವು ತಡದ್ರ, ಅದನ್ನ ತೊಳಕೊಳ್ಳಾಕ ಅವರಿಗೆ ಬ್ಯಾರೆ ದಿನಾ ಇಲ್ರಿ.”

“ಅಂವನ ಕೈ ನಡಗಿದ್ದ ಊರಿಗೆಲ್ಲ ಗೊತ್ತೈತಿ.”

“ಈಗ ನಡಗಂಗಿಲ್ರಿ.”

ಸಂಗವ್ವನಿಗೆ ಉಳಿದದ್ದು ಒಂದೇ ಆಸರೆ. ಮೂಲೆಯ ಕಂಬಳಿಯ ಮೇಲೆ ಮಠದ ಅಯ್ಯನವರು ಕುಳಿತಿದ್ದರು. ಆಚಾರದಲ್ಲಿ ಕೂದಲೆಳೆಯಷ್ಟೂ ಸಡಿಲು ಬಿಡದವರೆಂದು ಅವರ ಖ್ಯಾತಿ. ಇವರಾದರೂ ಬುದ್ಧಿ ಹೇಳಲಿ ಎಂದು ಅವಳು ಕೈಜೋಡಿಸಿದಳು. ಅಯ್ಯನವರು ಮುರಗೆಪ್ಪನನ್ನೇ ಬಹಳ ಹೊತ್ತು ನೋಡಿದರು.

“ಕಲಿಯಾಕ ಹೊಂಟವರನ್ನ ತಡದ್ರ ಪಾಪ, ತಾಯಿ. ಕಲಸಾಕ ಹೊಂಟವರನ್ನ ತಡದ್ರ ಇನ್ನೂ ದೊಡ್ಡ ಪಾಪ.”

ಸಂಗವ್ವ ಮೆಲ್ಲನೆ ಎದ್ದಳು. ತಮ್ಮನ ಬಳಿಗೆ ಬಂದು, ಕಿವಿಯ ಮೇಲೆ ಜಾರಿದ್ದ ರುಮಾಲನ್ನು ಸರಿಪಡಿಸಿದಳು. ಹುಡುಗನಾಗಿದ್ದಾಗ ಸಾಲೆಗೆ ಕಳಿಸುವ ಮುನ್ನ ಮಾಡುತ್ತಿದ್ದಂತೆ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಹೋಗ್ಲಿ,” ಎಂದಳು. “ಆದ್ರ ಕುಂತಕೊಂಡ ಹೋಗ್ಲಿ.”

ಗಾಡಿಯಿಂದ ಇಳಿದವರು ವಿನಯದಿಂದಲೇ ತಲೆಯಾಡಿಸಿದರು. ತಮ್ಮಲ್ಲಿ ಆ ಅನುಕೂಲವಿಲ್ಲವೆಂದರು. ಅವಳು ಸರಿದು ದಾರಿ ಬಿಟ್ಟಳು.

ಬೆನ್ನು ಜಾರದಂತೆ ಗೋಡೆಯ ಗೂಟಕ್ಕೆ ಬಿಗಿದಿದ್ದ ಬಟ್ಟೆಯನ್ನು ಕಲ್ಮೇಶ ಬಿಚ್ಚಿದ. ನಸುಕಿನಲ್ಲಿ ಪ್ರಾಣ ಬಿಟ್ಟ ತಂದೆಯನ್ನು, ಮನೆತನದ ರೂಢಿಯಂತೆ ಕುಳ್ಳಿರಿಸಿದ್ದ ಆ ದೇಹವನ್ನು, ಶವಚ್ಛೇದನದ ತರಗತಿಗೆ ಒಯ್ಯಲು ಬಂದವರು ಸ್ಟ್ರೆಚರಿನ ಮೇಲೆ ಮಲಗಿಸಿಕೊಂಡರು.